ಆಚೆ ದಡದಲ್ಲಿ ಮಿತಿ ಇಲ್ಲ

ನನ್ನ ಹೆಂಡತಿಗೆ ಊರಿನವರು ಇಟ್ಟ ಹೆಸರು ಷರತ್ತಮ್ಮ. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇಲ್ಲ, ಬೆನ್ನ ಹಿಂದೆ ಕರೆಯದವರಿಲ್ಲ. ವಿಮಾ ಕಚೇರಿಯಲ್ಲಿ ಟೈಪಿಸ್ಟಾಗಿ ಸೇರಿದವಳು ಈಗ ಬಾಗಿಲ ಹತ್ತಿರದ ದೊಡ್ಡ ಮೇಜಿಗೆ ಬಂದಿದ್ದಾಳೆ. ಮನೆಗೆ, ಅಂಗಡಿಗೆ, ಗಾಡಿಗೆ ವಿಮೆ ಮಾಡಿಸಲು ಬಂದವರು ಮೊದಲು ಅವಳ ಎದುರಿಗೇ ಕೂರಬೇಕು. ಬೇರೆ ಕಡೆಯಾದರೆ ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿ ಕಳಿಸಿಬಿಡುತ್ತಾರೆ. ಇವಳು ಹಾಗಲ್ಲ. ಪಾಲಿಸಿಯ ಹಿಂದೆ ಇರುವೆ ಸಾಲಿನ ಹಾಗೆ ಅಚ್ಚಾಗಿರುವ ಷರತ್ತುಗಳನ್ನೆಲ್ಲ ಒಂದೂ ಬಿಡದೆ ಗಟ್ಟಿಯಾಗಿ ಓದುತ್ತಾಳೆ. ಗಿರಾಕಿ ಆಕಳಿಸಿದರೆ ಆ ಸಾಲನ್ನು ಮತ್ತೆ ಮೊದಲಿಂದ ಓದುತ್ತಾಳೆ.

ಕೊನೆಯ ಷರತ್ತಿಗೆ ಬಂದಾಗ ದನಿ ಇನ್ನಷ್ಟು ಏರುತ್ತದೆ. "ಅಣು ಅಪಘಾತದಿಂದ, ವಿಕಿರಣದಿಂದ ಆದ ಯಾವ ನಷ್ಟಕ್ಕೂ ಈ ಪಾಲಿಸಿ ಅನ್ವಯಿಸುವುದಿಲ್ಲ." ಓದಿ ತಲೆ ಎತ್ತಿ ಕಿಟಕಿಯ ಕಡೆ ನೋಡುತ್ತಾಳೆ. ಗಿರಾಕಿಯೂ ನೋಡುತ್ತಾನೆ. ಕಿಟಕಿಯ ಆಚೆ ನದಿ, ನದಿಯ ಆಚೆ ಬೇರೆ ದೇಶ. ಆ ದಡದಲ್ಲಿ ಅವರ ಅಣು ವಿದ್ಯುತ್ ಸ್ಥಾವರದ ದಪ್ಪ ಗೋಪುರಗಳು ಬಿಳಿ ಹಬೆ ಬಿಡುತ್ತ ನಿಂತಿರುತ್ತವೆ.

"ಹಂಗಾದ್ರೆ ಅಲ್ಲಿ ಏನಾದ್ರೂ ಆದ್ರೆ ನಮ್ಮ ಮನೆಗೆ ಕೊಡೋರು ಯಾರಮ್ಮ?" ಎಂದು ಗಿರಾಕಿ ಕೇಳುತ್ತಾನೆ.

"ಸ್ಥಾವರ ನಡೆಸೋರು. ನಾವಲ್ಲ," ಎಂದು ಪೆನ್ನು ಮುಂದೆ ತಳ್ಳುತ್ತಾಳೆ.

ಷರತ್ತಮ್ಮ ಎಂಬ ಹೆಸರು ಅಂಟಿಕೊಂಡದ್ದು ಒಬ್ಬ ಬಡಗಿಯಿಂದ. ತನ್ನ ಮುದಿ ಅಪ್ಪನ ಹೆಸರಿನಲ್ಲಿ ದೊಡ್ಡದೊಂದು ಅಪಘಾತ ವಿಮೆ ಮಾಡಿಸಬೇಕೆಂದು ಅವನು ಅಪ್ಪನನ್ನೇ ಕರೆತಂದಿದ್ದ. ಇವಳು ಅಪ್ಪನ ಮುಖ ನೋಡಿ, ಮಗನ ಮುಖ ನೋಡಿ ಹೇಳಿಬಿಟ್ಟಳು: "ದುಡಿಯೋರು ಹೋದ್ರೆ ನಂಬಿಕೊಂಡವರಿಗೆ ನಷ್ಟ, ಅದನ್ನ ಕಾನೂನು ತುಂಬಿಕೊಡುತ್ತೆ. ಕೂತು ಉಣ್ಣೋರು ಹೋದ್ರೆ ಯಾರಿಗೆ ಏನು ನಷ್ಟ ಅಂತ ಕೇಳುತ್ತೆ. ಮಣ್ಣು ಮಾಡೋ ಖರ್ಚು ಸಿಗಬಹುದು, ಅಷ್ಟೇ." ಮುದುಕ ನಕ್ಕನಂತೆ. ಮಗ ನಗಲಿಲ್ಲ. ಸಂಜೆಯೊಳಗೆ ಊರೆಲ್ಲ ಷರತ್ತಮ್ಮ, ಷರತ್ತಮ್ಮ.

ನನಗೆ ಸಿಟ್ಟು ಬಂದಿತ್ತು. "ಮುದುಕನ ಎದುರಿಗೇ ಹೇಳಬೇಕಿತ್ತೇನೇ?" ಎಂದೆ.

"ಸುಳ್ಳು ಹೇಳಿ ಪಾಲಿಸಿ ಮಾರೋದು ಅನ್ಯಾಯ ಅಲ್ವೇನ್ರೀ? ಆಸೆ ಹುಟ್ಟಿಸಿ ಆಮೇಲೆ ಕೈ ಎತ್ತೋದಕ್ಕಿಂತ ಮೊದಲೇ ಮುಖ ಕೆಡಿಸಿಕೊಳ್ಳೋದು ಮೇಲು." ಅವಳ ಜೀವನದ ತತ್ವವೆಲ್ಲ ಇಷ್ಟೇ. ಇದರಿಂದ ಅವಳು ಒಂದು ದಿನವೂ ಆಚೀಚೆ ಸರಿದದ್ದನ್ನು ನಾನು ಕಂಡಿರಲಿಲ್ಲ.

ಆದರೆ ಈ ನಿಷ್ಠುರದ ಹೆಂಗಸಿಗೆ ಒಂದು ರೋಗ. ಹೊಟ್ಟೆಕಿಚ್ಚು. ಅದೂ ಊರವರ ಮೇಲಲ್ಲ, ಒಡಹುಟ್ಟಿದ ತಂಗಿಯ ಮೇಲೆ. ತಂಗಿಯನ್ನು ಮನೆಯಲ್ಲಿ ಚಿಕ್ಕವಳು ಎನ್ನುತ್ತೇವೆ. ಅವಳು ಸೇತುವೆ ದಾಟಿ ಆಚೆ ದೇಶಕ್ಕೆ ಮದುವೆಯಾಗಿ ಹೋದವಳು. ಅವಳ ಗಂಡ, ಅಂದರೆ ನನ್ನ ಷಡ್ಡಕ, ಅದೇ ಸ್ಥಾವರದಲ್ಲಿ ಕೆಲಸದವರ ಬಟ್ಟೆ ಒಗೆಸುವ ವಿಭಾಗದ ಮೇಲ್ವಿಚಾರಕ. ಒಗೆಸುವುದು ಬಟ್ಟೆ, ಮಾತಾಡುವುದು ಮಾತ್ರ ಗೋಪುರಗಳನ್ನೆಲ್ಲ ತಾನೇ ಹೆಗಲ ಮೇಲೆ ಹೊತ್ತವನ ಹಾಗೆ. ಅವನಿಗೆ ನನ್ನದೇ ವಯಸ್ಸು. ಈಗಲೂ ಕನ್ನಡಕ ಇಲ್ಲದೆ ಪೇಪರ್ ಓದುತ್ತಾನೆ. ನಾನು ಕನ್ನಡಕದ ಅಂಗಡಿಯವನು. ನನ್ನ ಎದುರಿಗೆ ಕೂತು, ಪೇಪರನ್ನು ಮೂಗಿನ ಹತ್ತಿರ ಹಿಡಿದು, ಸಣ್ಣ ಅಕ್ಷರವನ್ನು ಬೇಕೆಂದೇ ಗಟ್ಟಿಯಾಗಿ ಓದುತ್ತಾನೆ. ನನಗೂ ಹೊಟ್ಟೆ ಇದೆ, ಅದೂ ಉರಿಯುತ್ತದೆ. ಆದರೆ ಹೆಂಡತಿಯದು ಹಳೆಯ ಕಿಚ್ಚು.

ಅದಕ್ಕೆ ಕಾರಣವೂ ಇತ್ತು, ಇಲ್ಲವೆನ್ನಲಾರೆ. ಅಕ್ಕತಂಗಿಯರ ಅಪ್ಪ ಬೇಗ ಹೋದರು. ಅಮ್ಮ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿದು ಇಬ್ಬರನ್ನೂ ಸಾಕಿದರು. ಕಾಲೇಜಿಗೆ ಒಬ್ಬರನ್ನು ಕಳಿಸುವಷ್ಟೇ ಶಕ್ತಿ ಇತ್ತು. ದೊಡ್ಡವಳು ಟೈಪಿಂಗ್ ಕಲಿತು ಕಚೇರಿಗೆ ಹೋದಳು, ಚಿಕ್ಕವಳು ಕಾಲೇಜಿಗೆ ಹೋದಳು. ದೊಡ್ಡವಳ ಕೋಟನ್ನು ಚಿಕ್ಕವಳು ತೊಟ್ಟಾಗ ಅದು ಅವಳಿಗೇ ಹೊಲಿದ ಹಾಗೆ ಕಾಣುತ್ತಿತ್ತಂತೆ. ಇದನ್ನು ನನ್ನ ಹೆಂಡತಿ ಮದುವೆಯಾದ ಹೊಸತರಲ್ಲೇ ಹೇಳಿದ್ದಳು, ಈಗಲೂ ಹೇಳುತ್ತಾಳೆ. ಅಮ್ಮ ಮಾತ್ರ ಈ ವಿಷಯ ಯಾವತ್ತೂ ಬಾಯಿಬಿಟ್ಟವರಲ್ಲ. ತಾಯಿಗೆ ಮಕ್ಕಳೆಲ್ಲ ಒಂದೇ ಎಂದು ಯಾರಾದರೂ ಅಂದರೆ ನನ್ನ ಹೆಂಡತಿ ಎದ್ದು ಒಳಗೆ ಹೋಗುತ್ತಾಳೆ.

ಚಿಕ್ಕವಳ ಮನೆಗೆ ಹೋಗಿ ಬಂದ ದಿನವಂತೂ ನಮ್ಮ ಮನೆಯಲ್ಲಿ ಪಾತ್ರೆಗಳ ಸದ್ದು ಜೋರು. ಅವರ ಮಹಡಿ ಹಾಗಿದೆ, ಅವರ ನಲ್ಲಿಯಲ್ಲಿ ಬಿಸಿನೀರು ಹೀಗೆ ಬರುತ್ತದೆ. ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಫ್ರಿಜ್ ಮೇಲಿನ ನೀಲಿ ಡಬ್ಬಿ. ಆ ದೇಶದಲ್ಲಿ ಸ್ಥಾವರದ ಸುತ್ತಮುತ್ತಲಿನ ಪ್ರತಿ ಮನೆಗೂ ಸರಕಾರ ಅಯೋಡಿನ್ ಮಾತ್ರೆ ಹಂಚುತ್ತದೆ. ಸೈರನ್ ಕೂಗಿ ಅಪ್ಪಣೆ ಬಂದರೆ ನುಂಗಬೇಕು. ನಮ್ಮ ದಡದಲ್ಲಿ ಆ ಮಾತ್ರೆ ಶಾಲೆಯ ಬೀರುವಿನಲ್ಲಿದೆ ಎನ್ನುತ್ತಾರೆ, ಬೀರುವಿನ ಕೀಲಿ ಯಾರ ಹತ್ತಿರ ಇದೆಯೋ ಗೊತ್ತಿಲ್ಲ. "ವಿಷ ಬಂದ್ರೂ ಅವಳಿಗೆ ಮನೆ ಬಾಗಿಲಿಗೆ ಮದ್ದು ಬರುತ್ತೆ ನೋಡ್ರೀ," ಎಂದಳು. ಮಾತ್ರೆಯ ಡಬ್ಬಿಗೆ ಹೊಟ್ಟೆಕಿಚ್ಚು ಪಡುವ ಹೆಂಗಸನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಅವಳ ಹತ್ತಿರ ಇದ್ದು ತಂಗಿಯ ಹತ್ತಿರ ಇಲ್ಲದ್ದು ಒಂದೇ ಒಂದು: ಅಮ್ಮ. ಅಮ್ಮ ನಮ್ಮ ಜೊತೆಗೇ ಇದ್ದರು. ಅಂಗಡಿಯ ಮೇಲಿನ ನಮ್ಮ ಮನೆಯಲ್ಲಿ ಬೀದಿಯ ಕಡೆಯ ಕೋಣೆ ಅವರದು. ಬೆಳಿಗ್ಗೆ ಅರ್ಧ ಚಮಚ ಸಕ್ಕರೆ ಹಾಕಿದ ಚಹಾ ಕುಡಿದು, ನಾನು ಮಾಡಿಕೊಟ್ಟ ದಪ್ಪ ಕನ್ನಡಕ ಏರಿಸಿ, ಬೀದಿಯವರ ಅಂಗಿಗಳಿಗೆ ಗುಂಡಿ ಹಾಕುತ್ತ ಕಿಟಕಿಯಲ್ಲಿ ಕೂರುವರು. ಯಾರಾದರೂ "ಅಮ್ಮ ಯಾರ ಜೊತೆ ಇದ್ದಾರೆ?" ಎಂದು ಕೇಳಿದರೆ ನನ್ನ ಹೆಂಡತಿಯ ಬೆನ್ನು ನೆಟ್ಟಗಾಗುತ್ತಿತ್ತು. "ನಮ್ಮ ಜೊತೆ." ಆ ಎರಡು ಮಾತಿನಲ್ಲಿ ಕಾಲೇಜು, ಕೋಟು, ಬಿಸಿನೀರು, ನೀಲಿ ಡಬ್ಬಿ ಎಲ್ಲದಕ್ಕೂ ಸೇಡು ತೀರುತ್ತಿತ್ತು.

ಹೀಗಿರುವಾಗ ಎರಡೂ ದಡದ ವಿಮಾ ಕಚೇರಿಗಳಿಗೆ ಆಚೆ ಊರಿನ ಪುರಭವನದಲ್ಲಿ ಒಂದು ಸಭೆ ಕರೆದರು. ಸ್ಥಾವರದಲ್ಲಿ ಅಪಘಾತವಾದರೆ ಜನರಿಗೆ ಪರಿಹಾರ ಎಲ್ಲಿಂದ, ಹೇಗೆ ಎಂದು ತಿಳಿಸುವ ಸಭೆ. ಷರತ್ತು ಓದುವುದರಲ್ಲಿ ಇವಳನ್ನು ಮೀರಿಸುವವರಿಲ್ಲ ಎಂದು ನಮ್ಮ ಕಡೆಯಿಂದ ಇವಳನ್ನೇ ಕಳಿಸಿದರು. ಹೋಗುವಾಗ ಖುಷಿಯಾಗಿಯೇ ಹೋದಳು. ಬರುವಾಗ ಬಾಗಿಲನ್ನು ಹಾಕಿದ ರಭಸಕ್ಕೆ ಕೆಳಗೆ ಅಂಗಡಿಯಲ್ಲಿ ನನ್ನ ಕನ್ನಡಿ ಅಲುಗಾಡಿತು. ಮೇಲೆ ಹತ್ತಿ ಹೋದೆ.

"ಏನಾಯ್ತೇ?"

"ಕೇಳಿ. ಅಲ್ಲಿ ಅಪಘಾತ ಆದ್ರೆ ತಪ್ಪು ಯಾರದು ಅಂತ ಜನ ಹುಡುಕಿಕೊಂಡು ಹೋಗ್ಬೇಕಾಗಿಲ್ಲ. ಯಂತ್ರ ಮಾಡಿದವನ ತಪ್ಪಿರಲಿ, ಕೊಳಾಯಿ ಬೆಸೆದವನ ತಪ್ಪಿರಲಿ, ಸ್ಥಾವರ ನಡೆಸೋನೇ ಹೊಣೆ. ಅವನ ಮೇಲೆ ದಾವೆ ಹಾಕಿದ್ರೆ ಸಾಕು."

"ಒಳ್ಳೇದೇ ಆಯ್ತಲ್ಲ."

"ಒಳ್ಳೇದೇ. ಆದ್ರೆ ಎಲ್ಲೀವರೆಗೆ ಕೊಡ್ತಾನೆ? ಒಂದು ವಿಮಾ ಕಂಪನಿ ಒಬ್ಬಂಟಿಯಾಗಿ ಹೊರೋ ಹೊರೆ ಅಲ್ಲ ಅದು. ಅದಕ್ಕೇ ಕಂಪನಿಗಳೆಲ್ಲ ಸೇರಿ ಕೂಟ ಕಟ್ಟಿಕೊಂಡು, ಒಬ್ಬೊಬ್ಬರು ಒಂದೊಂದು ಪಾಲು ಹೊತ್ತುಕೊಂಡಿದ್ದಾರೆ. ಅದೂ ಒಂದು ಮೊತ್ತದವರೆಗೆ. ಅದು ಮುಗಿದ ಮೇಲೇನು ಅನ್ನೋದು ಒಂದೊಂದು ದೇಶಕ್ಕೆ ಒಂದೊಂದು ಥರ. ನಮ್ಮ ಕಾನೂನು ಒಂದು ಗೆರೆ ಎಳೆದಿದೆ, ಗೆರೆ ಮುಟ್ಟಿದ್ರೆ ಮುಗೀತು, ಇದ್ದದ್ದನ್ನೇ ಎಲ್ಲರೂ ಹಂಚಿಕೊಳ್ಳಬೇಕು. ಅವರ ಕಾನೂನಲ್ಲಿ ಗೆರೆನೇ ಇಲ್ಲ. ಮಿತಿ ಇಲ್ಲ ಅಂತ ಬರೆದಿದ್ದಾರೆ. ಸ್ಥಾವರದೋನು ಉಟ್ಟ ಬಟ್ಟೆ ಮಾರಿಯಾದ್ರೂ ಕೊಡಬೇಕು."

"ಸ್ಥಾವರ ಅವರದೇ ಅಲ್ವೇ? ಹಾಗಾದ್ರೆ ನಮಗೂ ಅವರೇ ಕೊಡ್ತಾರೆ."

ಇದನ್ನು ಕೇಳಬಾರದಿತ್ತು. ಉರಿಯುವ ಬೆಂಕಿಗೆ ನಾನೇ ತುಪ್ಪ ಸುರಿದ ಹಾಗಾಯಿತು. "ಕೊಡ್ತಾರೆ! ನಿಮ್ಮ ದೇಶ ನಮ್ಮವರಿಗೆ ಎಷ್ಟು ಕೊಡುತ್ತೋ ಅಷ್ಟೇ ನಾವು ನಿಮ್ಮವರಿಗೆ ಕೊಡೋದು ಅಂದಳು ಸಭೇಲಿ ಅವರ ಕಡೆ ವಕೀಲಮ್ಮ, ಗೋಡೆ ಮೇಲಿನ ಪಟಕ್ಕೆ ಕೋಲು ತೋರಿಸ್ತಾ. ಮುಯ್ಯಿಗೆ ಮುಯ್ಯಿ. ದೇಶದೇಶಗಳ ನಡುವೆ ಒಪ್ಪಂದಗಳಿವೆಯಂತೆ, ನಮ್ಮವರು ಒಂದಕ್ಕೂ ಸಹಿ ಹಾಕಿಲ್ಲ. ಅದೇ ಗಾಳಿ, ಅದೇ ಮೋಡ. ಅವಳ ಮನೆ ಮೇಲೆ ಬಿದ್ರೆ ಒಂದು ಬೆಲೆ, ಸೇತುವೆ ದಾಟಿ ನನ್ನ ಮನೆ ಮೇಲೆ ಬಿದ್ರೆ ಇನ್ನೊಂದು ಬೆಲೆ. ಹುಟ್ಟಿದಾಗಿಂದ ಅವಳಿಗೇ ಜಾಸ್ತಿ. ಸತ್ತರೂ ಅವಳಿಗೇ ಜಾಸ್ತಿ ಕಣ್ರೀ!"

ನಾನು ನಕ್ಕೆ. ಅವಳು ನಗಲಿಲ್ಲ. ಅಮ್ಮ ಕಿಟಕಿಯ ಹತ್ತಿರ ದಾರ ಹಲ್ಲಿಂದ ಕಡಿಯುತ್ತ ಕೇಳಿಸಿಕೊಂಡರು.

ಅವತ್ತಿಂದ ಊಟಕ್ಕೆ ಕೂತರೂ ಅದೇ ಮಾತು, ಪಾತ್ರೆ ತೊಳೆದರೂ ಅದೇ ಮಾತು. ಈ ದಡದಲ್ಲಿ ನಾವು ಅಗ್ಗ, ಆ ದಡದಲ್ಲಿ ಮಿತಿ ಇಲ್ಲ. ಮಿತಿ ಇಲ್ಲವೆಂದರೆ ಒಟ್ಟು ಮೊತ್ತಕ್ಕೆ ತಡೆ ಇಲ್ಲ ಎಂದಷ್ಟೇ ಅರ್ಥ, ಒಬ್ಬೊಬ್ಬರಿಗೆ ಸಿಗುವುದು ಅವರವರ ನಷ್ಟಕ್ಕೆ ತಕ್ಕಷ್ಟೇ ಎಂಬುದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು, ನನಗೆ ಅದನ್ನು ತಿಳಿಸಿ ಹೇಳಿದವಳೇ ಅವಳು. ಆದರೆ ಹೊಟ್ಟೆಕಿಚ್ಚಿನಲ್ಲಿ ಮಾತಾಡುವಾಗ ಯಾರು ಷರತ್ತು ಓದುತ್ತಾರೆ?

ಒಂದು ಬೆಳಿಗ್ಗೆ ಅಮ್ಮ ಚಹಾ ಮುಗಿಸಿ ಲೋಟ ಕೆಳಗಿಟ್ಟು, "ನಾನು ಚಿಕ್ಕವಳ ಮನೆಗೆ ಹೋಗ್ತೀನಿ," ಎಂದರು.

"ಹೋಗಮ್ಮ. ಯಾವಾಗ ಬರ್ತೀಯಾ?" ಎಂದಳು ಇವಳು, ತಲೆ ಬಾಚುತ್ತ.

"ಬರಲ್ಲ. ಅಲ್ಲೇ ಇರ್ತೀನಿ."

ಬಾಚಣಿಗೆ ಕೂದಲಲ್ಲೇ ನಿಂತಿತು. ಯಾಕೆ, ಏನು ಕಡಿಮೆ ಮಾಡಿದೆವು, ಯಾರು ಏನಂದರು ಎಂದು ಕೇಳಿದ್ದೇ ಕೇಳಿದ್ದು. ಎಲ್ಲದಕ್ಕೂ ಅಮ್ಮನದು ಒಂದೇ ಮಾತು. "ನನಗೆ ಅಲ್ಲಿರಬೇಕು ಅನ್ನಿಸಿದೆ," ಅಷ್ಟೇ. ಗಡಿಯ ಕಾಗದಪತ್ರವನ್ನೆಲ್ಲ ನನ್ನ ಷಡ್ಡಕ ಚಿಟಿಕೆ ಹೊಡೆದಷ್ಟು ಸುಲಭವಾಗಿ ಮಾಡಿಸಿಕೊಟ್ಟ. ಅದಕ್ಕೂ ನನಗೆ ಉರಿಯಿತು. ಅಮ್ಮನ ಚೀಲವನ್ನು ಎತ್ತಿ ಕಾರಿಗಿಡುವಾಗ ಅವನು, "ಚಿಂತೆ ಮಾಡಬೇಡಿ ಅಣ್ಣಾ, ಅಲ್ಲಿ ಎಲ್ಲಾ ವ್ಯವಸ್ಥೆ ಇದೆ," ಎಂದ. ವ್ಯವಸ್ಥೆಯಂತೆ! ಇಲ್ಲಿ ನಾವೇನು ಅಮ್ಮನನ್ನು ಬೀದಿಯಲ್ಲಿ ಮಲಗಿಸಿದ್ದೆವೇ?

ಹೆಂಡತಿಯ ತೀರ್ಪು ಅವತ್ತೇ ಬಂತು. "ಮಾತ್ರೆ ಡಬ್ಬಿ ನೋಡಿಕೊಂಡು ಹೋದ್ರು. ಅಲ್ಲಿ ಮಿತಿ ಇಲ್ಲವಲ್ಲ, ಅದಕ್ಕೇ ಹೋದ್ರು. ನಾನೇ ಬಡಕೊಂಡು ಬಡಕೊಂಡು ಹೇಳಿದ್ದು. ನಾನೇ ದಾರಿ ತೋರಿಸಿ ಕಳಿಸಿದೆ." ತಾನು ತೋಡಿದ ಹಳ್ಳ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಆಮೇಲಿನ ವಾರಗಳನ್ನು ನೆನೆಸಿಕೊಂಡರೆ ಈಗಲೂ ಮೈ ಪರಚಿಕೊಳ್ಳಬೇಕು ಎನ್ನಿಸುತ್ತದೆ. ಬೀದಿಯವರು ಗುಂಡಿ ಕಿತ್ತ ಅಂಗಿ ಹಿಡಿದು ಬಂದು, "ಅಮ್ಮ ಇಲ್ವಾ?" ಎನ್ನುವರು. "ತಂಗಿ ಮನೇಲಿದ್ದಾರೆ," ಎಂದು ಹೇಳಬೇಕಾದಾಗ ಇವಳ ಮುಖ ನೋಡಲಾಗುತ್ತಿರಲಿಲ್ಲ. ಕಚೇರಿಯಲ್ಲಿ ಕೊನೆಯ ಷರತ್ತು ಓದಿ ಕಿಟಕಿಯ ಕಡೆ ನೋಡಿದವಳು ಅಲ್ಲೇ ಕಣ್ಣು ನೆಟ್ಟು ಕೂತಿರುತ್ತಿದ್ದಳಂತೆ, ಗಿರಾಕಿ ಕೆಮ್ಮಬೇಕಾಗುತ್ತಿತ್ತಂತೆ. ಚಿಕ್ಕವಳು ಫೋನು ಮಾಡಿದಾಗಲೆಲ್ಲ, "ಅಕ್ಕಾ, ಅಮ್ಮ ಇಲ್ಲಿ ಎಷ್ಟು ಗೆಲುವಾಗಿದ್ದಾರೆ ಗೊತ್ತಾ?" ಎನ್ನುವಳು. ಮನಸಾರೆ ಹೇಳುತ್ತಿದ್ದಳೋ ಚುಚ್ಚುತ್ತಿದ್ದಳೋ ದೇವರಿಗೇ ಗೊತ್ತು. ಇವಳು ಫೋನಿಟ್ಟು, "ನನ್ನ ಮನೇಲಿ ಬಾಡಿ ಹೋಗಿದ್ರಾ?" ಎಂದು ನನ್ನ ಮೇಲೆ ಹಾರುವಳು.

ಅಮ್ಮನ ಕನ್ನಡಕದ ಕಾಲು ಸಡಿಲವಾಗಿದೆ ಎಂದು ಒಂದು ಭಾನುವಾರ ಚಿಕ್ಕವಳು ಹೇಳಿ ಕಳಿಸಿದಳು. ನಾನು ಸಣ್ಣ ತಿರುಪುಳಿ ಜೇಬಿಗಿಟ್ಟುಕೊಂಡು ಹೊರಟೆ. "ನಾನೂ ಬರ್ತೀನಿ," ಎಂದಳು ಹೆಂಡತಿ. ಸೇತುವೆಯ ಮೇಲೆ ಅವಳ ನಡಿಗೆ ನೋಡಿಯೇ ಗೊತ್ತಾಯಿತು, ಇದು ಅಮ್ಮನನ್ನು ನೋಡಲು ಹೊರಟ ನಡಿಗೆಯಲ್ಲ, ಕರೆದುಕೊಂಡು ಬರಲು ಹೊರಟದ್ದು.

"ಬರ್ತಾರಾ?" ಎಂದೆ.

"ಇವತ್ತು ಎಲ್ಲಾ ಬಿಡಿಸಿ ಹೇಳ್ತೀನಿ. ಮಿತಿ ಇಲ್ಲ ಅಂದ್ರೆ ಏನು, ಯಾರಿಗೆ ಎಷ್ಟು, ಎಲ್ಲಾ. ಕೇಳಿದ ಮೇಲೆ ಅಲ್ಲಿರೋಕೆ ಕಾರಣವೇ ಇರಲ್ಲ."

ಚಿಕ್ಕವಳ ಮನೆಯಲ್ಲಿ ಅಡುಗೆಮನೆಯ ಮೇಜಿಗೆ ಕೂರಿಸಿದರು. ಫ್ರಿಜ್ ಮೇಲೆ ಈಗ ನೀಲಿ ಡಬ್ಬಿಯ ಪಕ್ಕ ಇನ್ನೊಂದು ಪುಟ್ಟ ಪೊಟ್ಟಣ. "ಅಮ್ಮನ ಪಾಲಿಂದು, ಮೊನ್ನೆ ಬಂತು ಅಕ್ಕಾ," ಎಂದು ಚಿಕ್ಕವಳು ತೋರಿಸಿದಳು. ಹೆಂಡತಿ ಹೂಂ ಎಂದಳು. ಚಹಾ ಬಂತು. ಅಮ್ಮನ ಲೋಟಕ್ಕೆ ಚಿಕ್ಕವಳು ಎರಡು ಚಮಚ ಸಕ್ಕರೆ ಸುರಿದಳು. ಅಮ್ಮ ಏನೂ ಹೇಳದೆ ಕುಡಿದರು. ಷಡ್ಡಕ ಪೇಪರನ್ನು ಮೂಗಿಗೆ ಹಿಡಿದು ಒಂದು ಜಾಹೀರಾತು ಓದಿ ಹೇಳಿದ. ಆಮೇಲೆ ಗಂಡಹೆಂಡಿರು ಊಟಕ್ಕೆ ಏನಾದರೂ ತರುತ್ತೇವೆಂದು ಪೇಟೆಗೆ ಹೋದರು.

ಬಾಗಿಲು ಮುಚ್ಚಿದ್ದೇ ತಡ, ಇವಳು ಕುರ್ಚಿ ಎಳೆದುಕೊಂಡು ಅಮ್ಮನ ಎದುರಿಗೆ ಕೂತಳು. "ಅಮ್ಮಾ, ನಡಿ. ಮನೆಗೆ ಹೋಗೋಣ."

"ಇಲ್ಲ ಕಣೇ."

"ಅವಳು ಅಷ್ಟು ಚೆನ್ನಾಗಿ ನೋಡಿಕೊಳ್ತಾಳಾ?"

"ನೋಡಿಕೊಳ್ತಾಳೆ. ಆದ್ರೆ ಈ ಮನೆ ನನಗೆ ಒಗ್ಗಿಲ್ಲ. ಕಿಟಕೀಲಿ ಕೂತ್ರೆ ಬೀದಿಯಲ್ಲಿ ಒಂದು ನರಪಿಳ್ಳೆ ಕಾಣಲ್ಲ. ಚಹಾ ಪಾಯಸ ಆಗಿರುತ್ತೆ."

"ಮತ್ಯಾಕಮ್ಮ ಇಲ್ಲಿ?" ಇವಳ ದನಿ ಒಡೆಯಿತು. "ನನ್ನ ಬಿಟ್ಟು ಯಾಕೆ ಬಂದೆ?"

ಅಮ್ಮ ಬಾಗಿಲ ಕಡೆ ಒಮ್ಮೆ ನೋಡಿ, ಮುಂದೆ ಬಾಗಿ, ಗುಟ್ಟು ಹೇಳುವವರ ಹಾಗೆ ದನಿ ತಗ್ಗಿಸಿದರು. ನಾನು ತಿರುಪುಳಿ ಹಿಡಿದು ಕನ್ನಡಕದ ಮೇಲೆ ಬಗ್ಗಿದ್ದೆ, ಕಿವಿ ಮಾತ್ರ ಅಲ್ಲೇ ಇತ್ತು.

"ನಿನಗೋಸ್ಕರ ಬಂದೆ ಕಣೇ. ಆ ದಡದಲ್ಲಿ ಇದ್ರೆ ನಾನು ಅಗ್ಗ ಅಂತ ನೀನೇ ದಿನಾ ಹೇಳ್ತಿದ್ದೆಯಲ್ಲ. ಇಲ್ಲಿ ಮಿತಿ ಇಲ್ಲ ಅಂದೆ. ನನಗೇನು, ವಯಸ್ಸಾಯ್ತು. ಆ ಗೋಪುರಕ್ಕೆ ಏನಾದ್ರೂ ಆಗಿ ನಾನು ಹೋದ್ರೆ, ಇಲ್ಲಿಂದ ಹೋದ್ರೆ ಪೂರ್ತಿ ಬರುತ್ತಲ್ಲ? ಬಂದದ್ದೆಲ್ಲ ನಿನಗೆ. ಕಾಲೇಜು ಅವಳಿಗೆ ಕೊಟ್ಟೆ. ನಿನ್ನ ಕೋಟು ಬಿಚ್ಚಿ ಅವಳಿಗೆ ಹಾಕಿದೆ. ನಿನಗೆ ಯಾವಾಗಲೂ ಕಡಿಮೆ ಮಾಡಿದೆ, ನನಗೆ ಗೊತ್ತಿಲ್ವಾ? ಕೈಯಲ್ಲಿ ಏನೂ ಇರಲಿಲ್ಲ ಕೊಡೋಕೆ. ಈಗ ಇದೊಂದು ಸಿಕ್ಕಿದೆ."

ಅಮ್ಮ ಮತ್ತೊಮ್ಮೆ ಬಾಗಿಲ ಕಡೆ ನೋಡಿದರು.

"ಚಿಕ್ಕವಳ ಹತ್ತಿರ ಬಾಯಿ ಬಿಡಬೇಡ ಮತ್ತೆ," ಎಂದರು ಅಮ್ಮ. "ನಿನಗೆ ಇಷ್ಟು ಕೊಟ್ಟಿದ್ದೀನಿ ಅಂತ ಗೊತ್ತಾದ್ರೆ ಅವಳಿಗೆ ಹೊಟ್ಟೆಕಿಚ್ಚಾಗುತ್ತೆ."

ನಾನು ತಲೆ ಎತ್ತಿದೆ. ಹೆಂಡತಿಯ ಬೆನ್ನು ನೆಟ್ಟಗಾಗಿತ್ತು, ಕೈಗಳನ್ನು ಮೇಜಿನ ಮೇಲೆ ಜೋಡಿಸಿ ಕೂತಿದ್ದಳು. ಕಚೇರಿಯಲ್ಲಿ ಷರತ್ತು ಓದುವ ಮೊದಲು ಅವಳು ಹೀಗೆಯೇ ಕೂರುವುದು. ಕೂತು ಉಣ್ಣುವವರು ಹೋದರೆ ಆ ದಡದಲ್ಲೂ ಅಷ್ಟೇ, ಈ ದಡದಲ್ಲೂ ಅಷ್ಟೇ, ಮಣ್ಣಿನ ಖರ್ಚು. ಆ ಒಂದು ಸಾಲು ಓದಿದರೆ ಸಾಕಿತ್ತು. ಅಮ್ಮ ಅವತ್ತೇ ಚೀಲ ಹಿಡಿದು ನಮ್ಮ ಜೊತೆ ಹೊರಡುತ್ತಿದ್ದರು, ಅರ್ಧ ಚಮಚದ ಚಹಾಕ್ಕೆ, ಜನ ಓಡಾಡುವ ಬೀದಿಗೆ. ಬಡಗಿಯ ಅಪ್ಪನ ಮುಖದ ಮೇಲೆ ಹೇಳಿದವಳಿಗೆ ಇದು ಯಾವ ಲೆಕ್ಕ? ಅವಳ ಬಾಯಿ ತೆರೆಯಿತು. ಅಮ್ಮ ಕನ್ನಡಕ ಇಲ್ಲದ ಕಣ್ಣು ಕಿರಿದು ಮಾಡಿ, ಏನೋ ಬಹುಮಾನ ಕೊಟ್ಟವರ ಹಾಗೆ ಅವಳನ್ನೇ ನೋಡುತ್ತಿದ್ದರು.

"ಪೂರ್ತಿ ಬರುತ್ತಾ?" ಎಂದು ಮತ್ತೆ ಕೇಳಿದರು.

"ಬರುತ್ತಮ್ಮ," ಎಂದಳು ನನ್ನ ಹೆಂಡತಿ. "ಪೂರ್ತಿ ಬರುತ್ತೆ."

ಅಮ್ಮ ಹಿಂದಕ್ಕೆ ಒರಗಿ ಕೂತರು. ಅಷ್ಟು ನೆಮ್ಮದಿಯಾಗಿ ಅವರು ಕೂತದ್ದನ್ನು ನಾನು ನೋಡಿರಲಿಲ್ಲ. ಇವಳು ನನ್ನ ಕೈಯಿಂದ ಕನ್ನಡಕ ತೆಗೆದುಕೊಂಡು, ತನ್ನ ಬಟ್ಟೆಯ ಅಂಚಿನಿಂದ ಎರಡೂ ಗಾಜು ಒರೆಸಿ, ಅಮ್ಮನ ಕಿವಿಗೆ ಸಿಕ್ಕಿಸಿದಳು. ಒರೆಸಲು ನನ್ನ ಜೇಬಿನಲ್ಲಿ ಬೇರೆ ಬಟ್ಟೆ ಇತ್ತು, ನಾನು ತೆಗೆಯಲಿಲ್ಲ.

ಚಿಕ್ಕವಳು ಪೇಟೆಯಿಂದ ಬಂದು, "ಅಕ್ಕಾ, ಅಮ್ಮ ಇವತ್ತು ಎಷ್ಟು ಗೆಲುವಾಗಿದ್ದಾರೆ ನೋಡು. ನಾನು ಹೇಳಲಿಲ್ವಾ?" ಎಂದಳು. ಇವಳು, "ಹೂಂ, ನಿನ್ನ ಹತ್ತಿರ ಚೆನ್ನಾಗಿದ್ದಾರೆ," ಎಂದಳು.

ವಾಪಸು ಬರುವಾಗ ಸೇತುವೆಯ ನಡುವೆ, ಒಂದು ದೇಶ ಮುಗಿದು ಇನ್ನೊಂದು ಶುರುವಾಗುವ ಕಂಬದ ಹತ್ತಿರ ನನಗೆ ತಡೆಯಲಾಗಲಿಲ್ಲ. "ಒಂದು ಮಾತು ಹೇಳಿದ್ರೆ ಬಂದುಬಿಡ್ತಿದ್ರು ಕಣೇ."

"ಗೊತ್ತು."

"ಮತ್ತೆ?"

"ಹೇಳಿದ್ರೆ ಅಮ್ಮನ ಹತ್ತಿರ ನನಗೆ ಕೊಡೋಕೆ ಏನು ಉಳಿಯುತ್ತಿತ್ತು?"

ನಾನು ಗೋಪುರಗಳ ಕಡೆ ನೋಡಿದೆ. ಸತ್ಯ ಹೇಳುತ್ತೇನೆ, ಆ ಕ್ಷಣ ನನಗೆ ಷಡ್ಡಕನ ಮೇಲಲ್ಲ, ನನ್ನ ಹೆಂಡತಿಯ ಮೇಲೇ ಹೊಟ್ಟೆ ಉರಿಯಿತು. ನನಗೋಸ್ಕರ ಒಗ್ಗದ ಮನೆಗೆ ಹೋಗಿ ಕೂತು, ಸಿಹಿ ಚಹಾ ನುಂಗುತ್ತ ಸಾವಿಗೆ ಕಾಯುವವರು ಯಾರೂ ಇರಲಿಲ್ಲ.

ನಮ್ಮ ದಡ ಹತ್ತಿರ ಬಂದಾಗ ಅವಳು ನಿಂತು ಹಿಂದೆ ತಿರುಗಿದಳು.

"ಈಗ ಅವಳು ಅಮ್ಮನಿಗೆ ಚಹಾ ಕೊಡ್ತಿರ್ತಾಳೆ, ಅಲ್ವೇನ್ರೀ?"

"ಇರಬಹುದು."

"ಎರಡು ಚಮಚ," ಎಂದಳು, ಹಲ್ಲು ಕಚ್ಚಿ.